ಜೊತೆಯಲ್ಲಿದ್ದ ಬೇರೆ ದೋಣಿಗಳು: ಮಾರ್ಕ 4:35–41ರ ಒಂದು ವಿಮರ್ಶೆ

‘ಬಿ’ ವರ್ಷದ ಸಾಧಾರಣ ಕಾಲದ 12ನೇ ಭಾನುವಾರ, ಯೇಸುಸ್ವಾಮಿ ಬಿರುಗಾಳಿಯನ್ನು ಶಾಂತಗೊಳಿಸಿದ ಪ್ರಸಂಗವು ನಮ್ಮ ದೇವಾಲಯಗಳಲ್ಲಿ ವಾಚನವಾಗುತ್ತದೆ. ಅಂದಿನ ಪ್ರಬೋಧನೆಗಳು ಹಿಡಿಯುವ ಹಾದಿ ಬಹುಮಟ್ಟಿಗೆ ಒಂದೇ: ದೋಣಿಯೆಂದರೆ ಧರ್ಮಸಭೆ, ಸಮುದ್ರವೆಂದರೆ ಲೋಕ, ಬಿರುಗಾಳಿಯೆಂದರೆ ಹಿಂಸೆ. ಈ ಅರ್ಥೈಸುವಿಕೆ ಹಳೆಯದು, ಗೌರವಾರ್ಹವಾದುದು. ಆ ದೋಣಿ ಧರ್ಮಸಭೆಯ ಸಂಕೇತವೆಂಬ ಮಾತು ದೀಕ್ಷಾಸ್ನಾನವನ್ನು ಕುರಿತ ಟೆರ್ಟುಲಿಯನನ ಗ್ರಂಥದಲ್ಲಿಯೇ ಇದೆ. ಆದರೆ ಮಾರ್ಕನ ಬರಹವನ್ನು ಈ ಹಾದಿಯಲ್ಲಿ ಓದಿದಾಗ ಅದರಲ್ಲಿರುವ ಎಷ್ಟೋ ಸಂಗತಿಗಳು ನೀರುಪಾಲಾಗುತ್ತವೆ ಎಂಬುದು ನಮ್ಮ ಆಕ್ಷೇಪ.

1948ರಲ್ಲಿ ಗುಂಥರ್ ಬೋರ್ನ್‌ಕಾಮ್ ಬರೆದ ಪುಟ್ಟ ಲೇಖನವೊಂದು ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಮತ್ತಾಯನು ಈ ಪ್ರಸಂಗಕ್ಕೆ ಮೊದಲು ಹಿಂಬಾಲಿಸುವುದನ್ನು ಕುರಿತ ಮಾತುಗಳನ್ನಿಟ್ಟಿದ್ದಾನೆ. ಶಿಷ್ಯರು ಯೇಸುವನ್ನು ‘ಹಿಂಬಾಲಿಸಿ’ ದೋಣಿ ಹತ್ತುತ್ತಾರೆ. ಅವರ ಕೂಗು ಪ್ರಾರ್ಥನೆಯ ರೂಪ ತಾಳುತ್ತದೆ. ಹೀಗೆ ಮತ್ತಾಯನೇ ಮೊದಲ ವ್ಯಾಖ್ಯಾನಕಾರ, ದೋಣಿಯನ್ನು ಧರ್ಮಸಭೆಯಾಗಿ ಕಂಡವನು ಅವನೇ ಎಂದು ಬೋರ್ನ್‌ಕಾಮ್ ತೋರಿಸಿದರು. ಮತ್ತಾಯನ ಮಟ್ಟಿಗೆ ಇದನ್ನು ಅಲ್ಲಗಳೆಯುವುದು ಕಷ್ಟ. ತೊಡಕಿರುವುದು ಮಾರ್ಕನನ್ನೂ ಮತ್ತಾಯನ ಕನ್ನಡಕದಿಂದಲೇ ಓದುವ ನಮ್ಮ ರೂಢಿಯಲ್ಲಿ. ಮಾರ್ಕನ ಶಿಷ್ಯರು ಪ್ರಾರ್ಥಿಸುವುದಿಲ್ಲ, ಆಕ್ಷೇಪಿಸುತ್ತಾರೆ. ನಾವು ಸಾಯುತ್ತಿರುವುದು ನಿಮಗೆ ಲೆಕ್ಕಕ್ಕಿಲ್ಲವೇ ಎಂಬ ಧಾಟಿ ಅವರದು. ಪೀಠದಿಂದ ಓದುವಾಗ ಆ ಒರಟುತನವನ್ನು ನಯಗೊಳಿಸುವ ಅಧಿಕಾರ ನಮಗಿಲ್ಲ.

ಮೊದಲು ನೀರಿನ ಅಳತೆಯನ್ನು ನೋಡೋಣ. ಗಲಿಲೇಯ ಸರೋವರ ಉದ್ದದಲ್ಲಿ ಸುಮಾರು 21 ಕಿಲೋಮೀಟರ್, ಅತಿ ಅಗಲವಾದೆಡೆ ಸುಮಾರು 13 ಕಿಲೋಮೀಟರ್. ಅದರ ನೀರು ಸಿಹಿ. ಲೂಕನು ಇದನ್ನು ಎಲ್ಲಿಯೂ ಸಮುದ್ರವೆನ್ನದೆ ‘ಲಿಮ್ನೆ’, ಅಂದರೆ ಸರೋವರ ಎನ್ನುತ್ತಾನೆ. ಮಾರ್ಕನಿಗೆ ಅದು ಯಾವಾಗಲೂ ‘ಥಾಲಸ್ಸ’, ಸಮುದ್ರ. ಇಷ್ಟು ಸಣ್ಣ ನೀರನ್ನು ಸಮುದ್ರವೆಂದು ಹಿಗ್ಗಿಸಿದ್ದಾರೆಂದು ಪ್ರಾಚೀನ ಕಾಲದ ವಿರೋಧಿಗಳು ಗೇಲಿ ಮಾಡಿದ್ದುಂಟು. ಹೀಬ್ರೂ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ ಸಲ್ಲುತ್ತದೆ. ಆ ದಡದ ಜನರ ಬಾಯಲ್ಲಿ ಅದು ಸಮುದ್ರವೇ ಆಗಿತ್ತು. ಅದೇ ಭಾನುವಾರದ ಮೊದಲ ವಾಚನವಾದ ಯೋಬನ ಗ್ರಂಥದ 38ನೇ ಅಧ್ಯಾಯ, ಸಮುದ್ರಕ್ಕೆ ಕದವಿಟ್ಟು ಅಗುಳಿ ಹಾಕಿದ ದೇವರನ್ನು ನೆನಪಿಸುತ್ತದೆ. ಆದ್ದರಿಂದ ಮಾರ್ಕನ ಪದವನ್ನು ತಿದ್ದುವ ಅಗತ್ಯವಿಲ್ಲ. ಆದರೆ ಅವನ ಸಮುದ್ರಕ್ಕೆ ಎರಡು ದಡಗಳಿವೆ, ಒಂದರಿಂದ ಇನ್ನೊಂದು ಕಣ್ಣಿಗೆ ಕಾಣುತ್ತದೆ. ಲೋಕದ ರೂಪಕವಾಗಿ ನಾವು ಕಲ್ಪಿಸಿಕೊಳ್ಳುವ ಕಡಲಿಗೆ ಆಚೆಯ ದಡವೇ ಇರುವುದಿಲ್ಲ.

ಬಿರುಗಾಳಿಯೂ ಆ ನೆಲದ್ದೇ. ಸರೋವರವು ಸಾಗರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಸುತ್ತ ಎತ್ತರದ ಗುಡ್ಡಗಳಿವೆ. ಮೇಲಿನ ತಂಪು ಗಾಳಿ ತಗ್ಗಿನ ಬಿಸಿ ಗಾಳಿಯತ್ತ ಕಣಿವೆಗಳ ಮೂಲಕ ನುಗ್ಗಿದಾಗ ನೀರು ಸ್ವಲ್ಪ ಹೊತ್ತಿನಲ್ಲಿಯೇ ಕೆರಳುತ್ತದೆ. ಶಿಷ್ಯರಲ್ಲಿ ನಾಲ್ವರಾದರೂ ಆ ಗಾಳಿಯನ್ನು ಬಲ್ಲ ಬೆಸ್ತರು. ಅವರ ಭಯವನ್ನು ಕೇವಲ ಅಲ್ಪವಿಶ್ವಾಸವೆಂದು ತಳ್ಳಿಹಾಕುವವರು ಒಮ್ಮೆ ಕೃಷ್ಣೆಯ ಅಂಬಿಗರನ್ನು ಕೇಳಲಿ. ಸೆಳವು ಬಲ್ಲವನೇ ಹೊಳೆಗೆ ಹೆಚ್ಚು ಅಂಜುತ್ತಾನೆ.

ಇನ್ನು ದೋಣಿ. 1986ರ ಬರಗಾಲದಲ್ಲಿ ನೀರು ಹಿಂಜರಿದಾಗ ಗಿನೋಸಾರ್ ಬಳಿಯ ಕೆಸರಿನಲ್ಲಿ ಪುರಾತನ ದೋಣಿಯೊಂದು ಸಿಕ್ಕಿತು. ಕ್ರಿ. ಪೂ. ಮತ್ತು ಕ್ರಿ. ಶ. ಒಂದನೇ ಶತಮಾನಗಳ ಆಸುಪಾಸಿನ ಅದರ ಉದ್ದ ಎಂಟು ಮೀಟರಿಗಿಂತ ತುಸು ಹೆಚ್ಚು, ಅಗಲ ಸುಮಾರು 2.3 ಮೀಟರ್. ಅದನ್ನು ಯೇಸುವಿನ ದೋಣಿ ಎನ್ನುವುದು ಪ್ರವಾಸಿಗರ ಭಕ್ತಿ, ಅದಕ್ಕೆ ಆಧಾರವಿಲ್ಲ. ನಮಗೆ ಮುಖ್ಯವಾಗಬೇಕಾದುದು ಅದರ ಮರ. ಹತ್ತಕ್ಕೂ ಹೆಚ್ಚು ಜಾತಿಯ ಮರದ ತುಂಡುಗಳು ಅದರಲ್ಲಿವೆ, ಕೆಲವು ಹಳೆಯ ದೋಣಿಗಳಿಂದ ಕಿತ್ತು ತಂದವು. ತೇಪೆಯ ಮೇಲೆ ತೇಪೆ ಹಾಕಿ ದುಡಿಸಿದ, ಕೊನೆಗೆ ಬಳಕೆಗೆ ಬರುವ ಭಾಗಗಳನ್ನು ಬಿಚ್ಚಿಕೊಂಡು ಬಿಟ್ಟ ದೋಣಿ ಅದು. ಜೆಬೆದಾಯನ ದೋಣಿಯಲ್ಲಿ ಕೂಲಿಯಾಳುಗಳಿದ್ದರೆಂದು ಮಾರ್ಕ 1:20 ಹೇಳುತ್ತದೆ. ಧರ್ಮಸಭೆಯ ‘ಹಡಗನ್ನು’ ಭವ್ಯವಾಗಿ ಚಿತ್ರಿಸುವ ಪ್ರಬೋಧಕರು ಈ ತೇಪೆಗಳನ್ನೂ ಕೂಲಿಯವರನ್ನೂ ದಾಟಿಹೋಗುತ್ತಾರೆ.

ರಾಯಚೂರು ದೋಆಬಿನ ನಮಗೆ ಇದು ದೂರದ ಸಂಗತಿಯಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯ ಹರಿಗೋಲುಗಳನ್ನು ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ, ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುವ ದೋಣಿಗಳೆಂದು ವರ್ಣಿಸಿದ್ದಾನೆ. ಇಂದಿಗೂ ನಾರಾಯಣಪುರ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ, ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಜನ ಆಚೆಯ ದಡದಲ್ಲಿ ಉಳಿದುಬಿಡುತ್ತಾರೆ. ಆಚೆಯ ದಡ ಎಂಬ ಮಾತಿನ ತೂಕ ಅವರಿಗೆ ಗೊತ್ತು.

ನಮ್ಮ ಆಕ್ಷೇಪದ ತಿರುಳು ಇಲ್ಲಿದೆ. ಮಾರ್ಕ 4:36ರಲ್ಲಿ ಒಂದು ಚಿಕ್ಕ ವಾಕ್ಯವಿದೆ: ಯೇಸುವಿನ ಜೊತೆಯಲ್ಲಿ ಬೇರೆ ದೋಣಿಗಳೂ ಇದ್ದವು. ಮತ್ತಾಯನೂ ಲೂಕನೂ ಅದನ್ನು ಕೈಬಿಟ್ಟಿದ್ದಾರೆ. ದೋಣಿ ಧರ್ಮಸಭೆಯಾದಲ್ಲಿ ಈ ಬೇರೆ ದೋಣಿಗಳು ಯಾರವು? ಅವುಗಳ ಮೇಲೂ ಅದೇ ಗಾಳಿ ಬೀಸಿತು. ಯಾರೂ ಎಬ್ಬಿಸಿ ಬೇಡದಿದ್ದರೂ ಅವುಗಳಿಗೂ ಅದೇ ಪ್ರಶಾಂತತೆ ದೊರೆಯಿತು. ಮುದಗಲ್ಲಿನ ಕಥೋಲಿಕ ಸಮುದಾಯದ ಬೇರು ಆದಿಲ್‌ಶಾಹಿ ಕಾಲದ್ದು. ಹಿಂದೂಗಳೂ ಮುಸಲ್ಮಾನರೂ ಕೂಡಿ ಆಚರಿಸುವ ಮೊಹರಮ್‌ಗೆ ಹೆಸರಾದ ಊರದು. ಅಂಥ ಊರಿನ ಪೀಠದಿಂದ ‘ಸಮುದ್ರವೆಂದರೆ ಲೋಕ’ ಎಂದೊಡನೆ ಪಕ್ಕದ ಮನೆಯವರು ಅಲೆಗಳಾಗಿಬಿಡುತ್ತಾರೆ. ಅವರೂ ಅದೇ ನೀರಿನ ಮೇಲೆ, ತಮ್ಮ ದೋಣಿಯಲ್ಲಿರುವವರು. ಕೋಟೆಯನ್ನು ಕಂಡು ಬೆಳೆದವರಿಗೆ ಧರ್ಮಸಭೆಯನ್ನೂ ಕೋಟೆಯಾಗಿಸುವುದು ಸುಲಭ. ಮಾರ್ಕನು ಅದಕ್ಕೆ ಆಸ್ಪದ ಕೊಟ್ಟಿಲ್ಲ.

ನಮ್ಮ ವಾಚನಕ್ರಮವೂ ಈ ಮರೆವಿಗೆ ನೆರವಾಗಿದೆ. ದೋಣಿ ಹೊರಟದ್ದು ಆಚೆಯ ದಡಕ್ಕೆ, ಗೆರಸೇನರ ನಾಡಿಗೆ. ಅಲ್ಲಿ ಸಮಾಧಿಗಳ ನಡುವೆ ತನ್ನನ್ನೇ ಕಲ್ಲಿನಿಂದ ಜಜ್ಜಿಕೊಳ್ಳುತ್ತಿದ್ದವನೊಬ್ಬ ಕಾದಿದ್ದ. ಆದರೆ ‘ಬಿ’ ವರ್ಷದ 12ನೇ ಭಾನುವಾರದ ವಾಚನ 4:41ಕ್ಕೆ ನಿಲ್ಲುತ್ತದೆ, 13ನೇ ಭಾನುವಾರದ್ದು 5:21ರಿಂದ ಆರಂಭವಾಗುತ್ತದೆ. ನಡುವಿನ ಇಪ್ಪತ್ತು ವಚನಗಳಿಗೆ ಸಿಕ್ಕಿರುವುದು ನಾಲ್ಕನೇ ವಾರದ ಸೋಮವಾರ. ಭಾನುವಾರ ಮಾತ್ರ ಪೂಜೆಗೆ ಬರುವ ಭಕ್ತರು ಯೇಸು ಆಚೆಯ ದಡದಿಂದ ಹಿಂತಿರುಗಿದ್ದನ್ನು ಕೇಳುತ್ತಾರೆ. ಅವರು ಅಲ್ಲಿ ಯಾರ ಬಳಿಗೆ ಹೋಗಿದ್ದರೆಂಬುದನ್ನು ಕೇಳಿರುವುದೇ ಇಲ್ಲ.