ಡೆಮೊ ರೀಲಿನಲ್ಲಿ ತ್ರಿಮಾನ ರೂಪಗಳ ಪ್ರದರ್ಶನ

ಗಣಕಯಂತ್ರದಲ್ಲಿ ತ್ರಿಮಾನ ರೂಪಗಳನ್ನು ನಿರ್ಮಿಸುವ ವಿದ್ಯೆಯನ್ನು ಕಲಿತವರು ಕೆಲಸವನ್ನರಸಿ ಹೊರಟಾಗ, ತಮ್ಮ ಕೃತಿಗಳನ್ನು ಒಂದೆರಡು ನಿಮಿಷಗಳ ಚಿತ್ರವಾಗಿ ಜೋಡಿಸಿ ಪರೀಕ್ಷಕರ ಮುಂದಿಡುವುದು ವಾಡಿಕೆ. ಇದಕ್ಕೆ ಡೆಮೊ ರೀಲ್ ಎಂದು ಹೆಸರು. ಕೆಲವು ವರ್ಷಗಳ ಪರಿಶ್ರಮವು ಆ ಒಂದೆರಡು ನಿಮಿಷಗಳಲ್ಲಿ ಸಾರ್ಥಕವಾಗಬೇಕು, ಇಲ್ಲವೆ ವ್ಯರ್ಥವಾಗಬೇಕು. ಆದುದರಿಂದ ಇದನ್ನು ಬರಿಯ ಜಾಹೀರಾತೆಂದು ಕಡೆಗಣಿಸದೆ, ಇದೂ ಒಂದು ಕಲಾಪ್ರಕಾರವೆಂದು ಭಾವಿಸಿ ಗುಣದೋಷಗಳನ್ನು ವಿವೇಚಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಈ ವಿವೇಚನೆಗೆ ಹಳೆಯ ಕೃತಿಯೊಂದನ್ನು ಆಧಾರವಾಗಿಟ್ಟುಕೊಳ್ಳೋಣ. 1972ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಎಡ್ವಿನ್ ಕ್ಯಾಟ್‌ಮಲ್ ಮತ್ತು ಫ್ರೆಡ್ ಪಾರ್ಕ್ ಅವರು 'ಎ ಕಂಪ್ಯೂಟರ್ ಆನಿಮೇಟೆಡ್ ಹ್ಯಾಂಡ್' ಎಂಬ ಕಿರುಚಿತ್ರವನ್ನು ತಯಾರಿಸಿದರು. ಕ್ಯಾಟ್‌ಮಲ್ಲರ ಎಡಗೈಯ ಪ್ರತಿಕೃತಿಯೊಂದರ ಮೇಲೆ ಸುಮಾರು 350 ತ್ರಿಕೋನ ಹಾಗೂ ಬಹುಭುಜಗಳನ್ನು ಗೆರೆಯೆಳೆದು, ಅವುಗಳ ಅಳತೆಯನ್ನು ಗಣಕಕ್ಕೆ ಒದಗಿಸಲಾಯಿತು. ತೆರೆಯ ಮೇಲೆ ಆ ಕೈ ತಿರುಗುತ್ತದೆ. ಬೆರಳುಗಳನ್ನು ಮಡಿಸಿ ಬಿಚ್ಚುತ್ತದೆ. ನೋಡುವವರತ್ತ ಬೆರಳು ಚಾಚುತ್ತದೆ. ಕೊನೆಗೆ ನೋಟವು ಕೈಯ ಒಳಗನ್ನೇ ಹೊಕ್ಕು ಸಾಗುತ್ತದೆ. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಈ ಕೃತಿಗೆ ಸ್ಥಾನ ದೊರೆಯಿತು.

ಇದರಲ್ಲಿ ಕಥೆಯಿಲ್ಲ, ಹಿನ್ನೆಲೆಯ ವೈಭವವಿಲ್ಲ. ಆದರೂ ಒಂದೊಂದು ಚಲನೆಯೂ ಪ್ರೇಕ್ಷಕನ ಮನಸ್ಸಿನಲ್ಲಿ ಏಳುವ ಒಂದೊಂದು ಸಂದೇಹಕ್ಕೆ ಉತ್ತರವಾಗಿದೆ. ತಿರುಗಿದುದರಿಂದ ಹಿಂಬದಿಯೂ ಉಂಟೆಂದು ತಿಳಿಯಿತು. ಮಡಿಸಿದುದರಿಂದ ಗೆಣ್ಣುಗಳು ತಕ್ಕ ಎಡೆಯಲ್ಲಿವೆಯೆಂದು ತಿಳಿಯಿತು. ಒಳಹೊಕ್ಕುದರಿಂದ ಅದು ಘನವಸ್ತುವಲ್ಲ, ಟೊಳ್ಳಾದ ತೊಗಲೆಂಬುದೂ ತಿಳಿಯಿತು. ಪ್ರದರ್ಶನವೆಂದರೆ ಸಾಕ್ಷ್ಯವನ್ನು ಒದಗಿಸುವುದು ಎಂಬುದೇ ನಮ್ಮ ಮುಖ್ಯ ಪ್ರತಿಪಾದನೆ.

ಈ ದೃಷ್ಟಿಯಿಂದ ಟರ್ನ್‌ಟೇಬಲ್ ಎಂಬ ಕ್ರಮವನ್ನು, ಎಂದರೆ ರೂಪವನ್ನು 360 ಡಿಗ್ರಿ ಸುತ್ತಿಸಿ ತೋರಿಸುವುದನ್ನು, ಪರಿಶೀಲಿಸಬೇಕು. ದೀಪಗಳನ್ನು ಸ್ಥಿರವಾಗಿರಿಸಿ ರೂಪವನ್ನು ತಿರುಗಿಸಿದರೆ ಬೆಳಕು ಅದರ ಮೈಮೇಲೆ ಹರಿಯುತ್ತ ಉಬ್ಬುತಗ್ಗುಗಳನ್ನೆಲ್ಲ ಹೊರಗೆಡಹುತ್ತದೆ. ರೂಪವನ್ನೂ ದೀಪವನ್ನೂ ನಿಲ್ಲಿಸಿ ಕ್ಯಾಮರಾವನ್ನು ಮಾತ್ರ ಸುತ್ತಿಸಿದರೆ ಒಂದು ಪಾರ್ಶ್ವವು ನೆರಳಿನಲ್ಲಿಯೇ ಉಳಿದುಬಿಡಬಹುದು. ವೇಗವೂ ಮುಖ್ಯ. ಸೆಕೆಂಡಿಗೆ 24 ಚೌಕಟ್ಟುಗಳಂತೆ 5 ಸೆಕೆಂಡುಗಳಲ್ಲಿ ಒಂದು ಸುತ್ತು ಮುಗಿದರೆ ಚೌಕಟ್ಟಿಗೆ 3 ಡಿಗ್ರಿ ಸರಿದಂತಾಯಿತು. 10 ಸೆಕೆಂಡುಗಳನ್ನು ಕೊಟ್ಟರೆ ಒಂದೂವರೆ ಡಿಗ್ರಿ. ಸೂಕ್ಷ್ಮ ಕೆಲಸವುಳ್ಳ ರೂಪಕ್ಕೆ ಎರಡನೆಯದೇ ಲೇಸು.

ಇನ್ನು ಮೇಲ್ಮೈಯ ಮಾತು. ನಾರ್ಮಲ್ ಮ್ಯಾಪ್ ಎಂಬ ಉಪಾಯದಿಂದ ಸಮತಟ್ಟಾದ ಮೈಯಲ್ಲಿಯೂ ಉಬ್ಬುಕೆತ್ತನೆಯ ಭ್ರಮೆಯನ್ನು ಹುಟ್ಟಿಸಬಹುದು. ಗಣನೆಯ ಹೊರೆಯನ್ನು ತಗ್ಗಿಸಬೇಕಾದ ವಿಡಿಯೋ ಆಟಗಳಲ್ಲಿ ಇದು ಸಾಧುವಾದ ಮಾರ್ಗವೇ ಸರಿ. ಆದರೆ ಆ ಭ್ರಮೆಯಿಂದ ಹೊರರೇಖೆ ಬದಲಾಗದು. ರೂಪವು ತಿರುಗಿದೊಡನೆ ಅಂಚಿನಲ್ಲಿ ನಿಜಸ್ಥಿತಿ ಹೊರಬೀಳುತ್ತದೆ. ಆದಕಾರಣ ಮುಚ್ಚಿಡುವುದಕ್ಕಿಂತ ತಾನಾಗಿ ತೋರುವುದೇ ಮೇಲು. ಅದೇ ಕೋನದಿಂದ ಮೊದಲು ಪೂರ್ಣರೂಪವನ್ನು, ಬಳಿಕ ಬಣ್ಣವಿಲ್ಲದ ಬೂದು ಮೈಯನ್ನು, ಆಮೇಲೆ ವಯರ್‌ಫ್ರೇಮ್ ಎನ್ನುವ ಗೆರೆಬಲೆಯನ್ನು ತೋರಿದರೆ ಪರೀಕ್ಷಕನು ಹೋಲಿಸಿ ನಿರ್ಣಯಿಸಬಲ್ಲನು. ಮೊಣಕೈ, ಗೆಣ್ಣು, ತುಟಿಗಳ ಸುತ್ತ ಗೆರೆಗಳು ಬಳಸಿ ಹರಿದಿವೆಯೇ ಎಂಬುದರಿಂದ ಆ ರೂಪವು ಚಲನೆಗೆ ಒದಗೀತೇ ಎಂಬುದನ್ನು ಅವನು ಬಹುಮಟ್ಟಿಗೆ ಊಹಿಸುತ್ತಾನೆ.

ಇಂತಹ ಪ್ರದರ್ಶನವು ನೀರಸವೆಂದೂ, ರೂಪವನ್ನು ಕಥಾಸನ್ನಿವೇಶದಲ್ಲಿ ನಿಲ್ಲಿಸಿದಲ್ಲದೆ ಅದಕ್ಕೆ ಜೀವ ಬಾರದೆಂದೂ ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಬೇಟೆಗಾರನನ್ನು ಬೇಟೆಗಾರನ ನಿಲುವಿನಲ್ಲಿಯೇ ನಿಲ್ಲಿಸಬೇಕು. ಆರಂಭದಲ್ಲಿ ನಾಂದಿಯಂತೆ ಸರ್ವಾಲಂಕೃತವಾದ ಒಂದು ಚಿತ್ರವಿದ್ದರೆ ದೋಷವಿಲ್ಲ. ಆದರೆ ಹೊಗೆ, ಮಿಂಚು, ಕ್ಯಾಮರಾದ ಓಲಾಟ ಇವುಗಳ ನಡುವೆ ರೂಪವೇ ಕಾಣದೆ ಹೋದರೆ ಅಲಂಕಾರವು ವಸ್ತುವನ್ನು ನುಂಗಿದಂತಾಯಿತು. ನಮ್ಮ ಕಾವ್ಯಮೀಮಾಂಸಕರು ಔಚಿತ್ಯವೆಂದು ಕರೆದ ಗುಣಕ್ಕೆ ಇಲ್ಲಿ ಭಂಗ ಬರುತ್ತದೆ. ರೂಪನಿರ್ಮಾಣದ ಹುದ್ದೆಯನ್ನು ಬಯಸುವವನು ರೂಪವನ್ನೇ ಮುಂದಿಡಬೇಕಲ್ಲವೆ?

ಆಯ್ಕೆಯ ವಿಷಯದಲ್ಲಿಯೂ ಇದೇ ನ್ಯಾಯ. ಉತ್ತಮವಾದುದು ಮೊದಲು ಬರಲಿ, ದುರ್ಬಲವಾದುದು ಬಾರದಿರಲಿ. ಕೃತಿಗಳು ನಾಲ್ಕೇ ಆದರೂ ಚಿಂತೆಯಿಲ್ಲ, ಐದನೆಯದು ಆ ನಾಲ್ಕರ ಮೇಲಿನ ನಂಬಿಕೆಯನ್ನು ಕೆಡಿಸದಿದ್ದರೆ ಸಾಕು. ಹಲವರು ಕೂಡಿ ಮಾಡಿದ ಕೃತಿಯಾದರೆ ತನ್ನ ಪಾಲು ಎಷ್ಟೆಂಬುದನ್ನು ತೆರೆಯ ಮೇಲೆಯೇ ಬರೆಯಬೇಕು. ಇನ್ನೊಬ್ಬರ ಕೆಲಸವನ್ನು ತನ್ನದೆನ್ನುವಂತೆ ತೋರುವುದು ಕಲಾದೋಷ ಮಾತ್ರವಲ್ಲ, ಶೀಲದೋಷ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬ ಗಾದೆಯುಂಟು. ಯೂಟಾದ ವಿದ್ಯಾರ್ಥಿಗಳು ತಮ್ಮ ಕೈಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ತೋರಿದರು. ಅದರ ಒರಟು ಮುಖಗಳು ಇಂದಿಗೂ ಕಾಣುತ್ತವೆ. ಅವರ ಸಾಧನೆಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ವಿದ್ಯಾರ್ಥಿಗಳೂ ಆ ಧೈರ್ಯವನ್ನು ರೂಢಿಸಿಕೊಂಡರೆ, ಅವರ ಒಂದೆರಡು ನಿಮಿಷಗಳು ವ್ಯರ್ಥವಾಗಲಾರವು.