ಕೇರಿಯನ್ನು ಓದುವವರು ಯಾರು?

‘ಅದೇನ್ ಓದ್ತಿದ್ದೀಯ ಮಗ?’ ಅಂತ ಅವ್ವ ಕೇಳಿದಾಗ, ‘ಮಾನವಶಾಸ್ತ್ರ ಕನವ್ವ, ಜನಗಳ ವಿಚಾರ’ ಅಂದಿದ್ದೆ. ‘ಯಾವ ಜನ?’ ‘ನಮ್ಮಂಥೋರೇ.’ ‘ನಮ್ಮನ್ನ ಓದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?’ ಅಂದಳು. ಎಂ.ಎ. ಮುಗಿದು ವರ್ಷಗಳಾದವು. ಅವ್ವನಿಗೆ ಉತ್ತರ ಕೊಡುವುದು ಇನ್ನೂ ಬಾಕಿ ಇದೆ.

ತರಗತಿಯಲ್ಲಿ ನಾವಿದ್ದೆವು, ಪುಸ್ತಕದಲ್ಲೂ ನಾವೇ ಇದ್ದೆವು. ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಬಗ್ಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ ಹೊರಬಂದ ಸಂಪುಟಗಳನ್ನು ತೆರೆಯಿರಿ. ನಮ್ಮ ಮದುವೆ, ನಮ್ಮ ಸಾವು, ನಮ್ಮ ದೇವರು, ನಮ್ಮ ಊಟ ಎಲ್ಲವೂ ಪಟ್ಟಿಯಾಗಿದೆ. ಹಸಿವಿಗೆ, ಸಿಟ್ಟಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಮೇಷ್ಟ್ರು ಪಾಠ ನಿಲ್ಲಿಸಿ, ‘ನಿಮ್ಮಲ್ಲಿ ಇದು ಹೀಗೇ ಏನಪ್ಪಾ?’ ಎಂದು ಕೇಳುತ್ತಿದ್ದರು. ಇಡೀ ತರಗತಿ ನನ್ನ ಕಡೆ ತಿರುಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ನಾನು ವಿದ್ಯಾರ್ಥಿ, ಪಾಠದಲ್ಲಿ ಮಾಹಿತಿದಾರ.

ನಮಗೆ ಬಾಯಿಪಾಠವಾಗಿದ್ದ ಹೆಸರು ಎಂ.ಎನ್. ಶ್ರೀನಿವಾಸರದು. ಅವರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿದ್ದು ಅಧ್ಯಯನ ಮಾಡಿದರು. ಅದನ್ನು ರಾಂಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಒಳ್ಳೆಯ ಪುಸ್ತಕ. ಅದರ ಜನಕ್ಕೆ ಜೀವವಿದೆ. ಭೂಮಿ, ಜನಬಲ ಇದ್ದವರು ಊರನ್ನು ಹೇಗೆ ಹಿಡಿದಿಡುತ್ತಾರೆ ಎಂಬುದನ್ನು ‘ಪ್ರಬಲ ಜಾತಿ’ ಎಂಬ ಅವರ ಮಾತು ಚೆನ್ನಾಗಿ ತೋರಿಸಿತು. ಇದನ್ನು ಒಪ್ಪದೆ ಬೈಯುವುದು ವಿಮರ್ಶೆಯಲ್ಲ.

ಆದರೆ ಅವರು ಉಳಿದುಕೊಂಡಿದ್ದು ಊರಿನ ಪಟೇಲರ ಎತ್ತಿನ ಮನೆಯಲ್ಲಿ. ಅಲ್ಲಿ ಕೂತವರಿಗೆ ಕೇರಿ ಎಷ್ಟು ಕಂಡೀತು? ನೆನಪಿಗೂ ಜಾತಿಯಿದೆ. ಟಿಪ್ಪಣಿ ಸುಟ್ಟರೂ ಉಳಿಯುವುದು ಹತ್ತಿರದಿಂದ ಕಂಡದ್ದು ತಾನೇ?

1952ರ ಕೊಡಗಿನ ಪುಸ್ತಕದಲ್ಲಿ ಶ್ರೀನಿವಾಸರು ‘ಸಂಸ್ಕೃತೀಕರಣ’ ಎಂಬ ಮಾತು ತಂದರು. ಕೆಳಗಿನ ಜಾತಿ ಮಾಂಸ, ಹೆಂಡ ಬಿಟ್ಟು, ಮೇಲಿನವರ ಆಚಾರ ಹಿಡಿದು ಮೇಲೇರುತ್ತದೆ ಎಂಬ ವಿವರಣೆ ಅದು. ಅಸ್ಪೃಶ್ಯರು ಎಷ್ಟೇ ಆಚಾರ ಹಿಡಿದರೂ ಅಸ್ಪೃಶ್ಯತೆಯ ಗೆರೆ ದಾಟಲಾರರು ಎಂದು ಆಮೇಲೆ ಅವರೇ ಒಪ್ಪಿದರು. ಹಾಗಿದ್ದ ಮೇಲೆ ಆ ಏಣಿ ಕೇರಿಯ ಗೋಡೆಗೆ ಒರಗಿಸಿದ್ದೇ ಅಲ್ಲ!

ಇನ್ನೊಂದು ಪಾಠ ಇತ್ತು. ಅದನ್ನು ನಮಗೆ ಹೇಳಲಿಲ್ಲ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಸೆಮಿನಾರಿನಲ್ಲಿ, 25 ವರ್ಷದ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. 1917ರಲ್ಲಿ ಅದು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾಯಿತು. ಅಂದರೆ ನಾವು ಕೂತ ಬೆಂಚಿನಲ್ಲೇ ಅವರು ಕೂತಿದ್ದರು. ಮಾಹಿತಿದಾರನಾಗಿ ಅಲ್ಲ. ರಿಸ್ಲೆ, ಸೆನಾರ್, ನೆಸ್‌ಫೀಲ್ಡ್, ಕೇತ್ಕರ್ ಇವರ ವ್ಯಾಖ್ಯೆಗಳನ್ನು ಒಂದೊಂದಾಗಿ ಒರೆಗೆ ಹಚ್ಚುವ ವಿದ್ವಾಂಸನಾಗಿ.

ಜಾತಿಯ ಬೇರು ಒಳಮದುವೆಯಲ್ಲಿದೆ ಎಂದರು ಅಂಬೇಡ್ಕರ್. ಆ ಬೇಲಿ ಕಾಯಲಿಕ್ಕೆ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಬಂದವು ಎಂದು ತೋರಿಸಿದರು. ಮೊದಲು ಬೇಲಿ ಹಾಕಿಕೊಂಡವರು ಬ್ರಾಹ್ಮಣರು, ಉಳಿದವರು ಅವರನ್ನು ಅನುಕರಿಸಿದರು ಎಂದರು. ಅನುಕರಣೆಯ ಈ ಮಾತು ‘ಸಂಸ್ಕೃತೀಕರಣ’ಕ್ಕಿಂತ 36 ವರ್ಷ ಹಳೆಯದು. ವ್ಯತ್ಯಾಸವೂ ದೊಡ್ಡದು. ಶ್ರೀನಿವಾಸರಲ್ಲಿ ಅನುಕರಣೆ ಮೇಲೇರುವ ದಾರಿ. ಅಂಬೇಡ್ಕರರಲ್ಲಿ ಅದು ಜೈಲು ಮರಿ ಹಾಕುವ ಬಗೆ, ಅದರ ಬೆಲೆ ತೆತ್ತವಳು ಹೆಣ್ಣು.

1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದಾಗ ಅಂಬೇಡ್ಕರ್ ಘುರ್ಯೆಯವರ ಮೂಗಿನ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣ ಮತ್ತು ಅಸ್ಪೃಶ್ಯ ಬೇರೆ ಬೇರೆ ಜನಾಂಗದವರಲ್ಲ ಎಂದು ವಾದಿಸಿದರು. ಅಳೆಯುವವರ ಕೋಲು ಅಳತೆಗೆ ನಿಂತವನ ಕೈಗೆ ಬಂದರೆ ಆಗುವುದು ಇದೇ.

ಆದ್ದರಿಂದ ಕೇರಿಯ ಹುಡುಗ ಹುಡುಗಿಯರು ಮಾನವಶಾಸ್ತ್ರ ಬಿಡಬಾರದು, ಹಿಡಿಯಬೇಕು. ರಾಂಪುರವನ್ನೂ ಓದಲಿ, 1916ರ ಪ್ರಬಂಧವನ್ನೂ ಓದಲಿ, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಲಿ. ಆಮೇಲೆ ಕ್ಷೇತ್ರಕಾರ್ಯಕ್ಕೆ ಕೇರಿಗೇ ಯಾಕೆ ಹೋಗಬೇಕು? ಅಗ್ರಹಾರಕ್ಕೆ ಹೋಗಲಿ, ಗೌಡರ ಜಗಲಿಗೆ ಹೋಗಲಿ. ‘ನೀವು ಮುಟ್ಟಿಸಿಕೊಳ್ಳದೆ ಇರೋದನ್ನ ಎಲ್ಲಿ ಕಲಿತ್ರಿ ಸ್ವಾಮಿ?’ ಅಂತ ಕೇಳಿ ಬರೆದುಕೊಳ್ಳಲಿ.

ಅವ್ವ, ದೂರ ಹೋಗಿದ್ದು ನಮ್ಮನ್ನ ಓದಕ್ಕಲ್ಲ ಕನವ್ವ. ನಮ್ಮನ್ನ ಓದ್ತಾ ಇದ್ದೋರನ್ನ ಓದಕ್ಕೆ.