ಬಾಗಿಲು ತೆರೆದವರಿಗೇ ಬೈಗುಳ

ಗೂಗಲ್ ಫೋಟೋಸ್‌ನಲ್ಲಿದ್ದ ಫೋಟೊಗಳನ್ನೆಲ್ಲ ಬೇರೆ ಸೇವೆಗೆ ಸಾಗಿಸಿದವರನ್ನು ಕೇಳಿ ನೋಡಿ, ದೂರು ಹೆಚ್ಚುಕಡಿಮೆ ಒಂದೇ: ‘ಗೂಗಲ್‌ನವರು ತಾರೀಖುಗಳನ್ನೆಲ್ಲ ಕೆಡಿಸಿ ಕೊಟ್ಟರು.’ ಬಿಟ್ಟುಹೋಗುವವರಿಗೆ ಬುದ್ಧಿ ಕಲಿಸಲು ಬೇಕಂತಲೇ ಹೂಡಿದ ಆಟ ಇದು ಎನ್ನುವುದು ಅದರ ಬೆನ್ನಿಗೇ ಬರುವ ಮಾತು. ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ನಿಂತುಹೋಗಿ, ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ 15 ಜಿಬಿ ಎಂದಾದ ಮೇಲೆ ಜನರಿಗೆ ಸಿಟ್ಟು ಬಂದದ್ದು ಸಹಜವೇ. ಆದರೆ ತಾರೀಖಿನ ವಿಷಯದಲ್ಲಿ ಆ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಟೇಕ್‌ಔಟ್ ಏನು ಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. ಗೂಗಲ್‌ನಲ್ಲಿರುವ ನಮ್ಮ ಮಾಹಿತಿಯ ಪ್ರತಿಯನ್ನು ಹೊರಗೆ ತೆಗೆದುಕೊಳ್ಳಲೆಂದು 2011ರಲ್ಲಿ ಬಂದ ಸೌಲಭ್ಯ ಇದು. ಕಟ್ಟಿದವರು ಕಂಪನಿಯ ಒಳಗಿದ್ದ ಒಂದು ಎಂಜಿನಿಯರ್ ತಂಡ. ಅವರು ತಮಗೆ ‘ಡೇಟಾ ಲಿಬರೇಶನ್ ಫ್ರಂಟ್’ ಎಂದು ಬಂಡುಕೋರರ ಹೆಸರನ್ನೇ ಇಟ್ಟುಕೊಂಡಿದ್ದರು. ಕೋರಿಕೆ ಸಲ್ಲಿಸಿದರೆ ಜಿಪ್ ಫೈಲುಗಳು ಬರುತ್ತವೆ. ಒಳಗೆ ಫೋಟೊ, ಪಕ್ಕದಲ್ಲೇ ಒಂದು ಪುಟ್ಟ ಜೇಸನ್ ಫೈಲು. ಫೋಟೊದೊಳಗೆ ಕ್ಯಾಮೆರಾ ಬರೆದಿಟ್ಟ ಎಕ್ಸಿಫ್ ಮಾಹಿತಿಯನ್ನು ಗೂಗಲ್ ಮುಟ್ಟುವುದಿಲ್ಲ. ನೀವು ಆ್ಯಪ್‌ನಲ್ಲಿ ಕೂತು ತಿದ್ದಿದ ತಾರೀಖು, ಸೇರಿಸಿದ ಸ್ಥಳ, ಬರೆದ ಅಡಿಬರಹ ಇವೆಲ್ಲ ಆ ಜೇಸನ್‌ನಲ್ಲಿರುತ್ತವೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ: ಮುಖಗಳಿಗೆ ನೀವು ಕೊಟ್ಟ ಹೆಸರುಗಳೂ ಅಲ್ಲೇ ಇರುತ್ತವೆ. ಮೂಲವನ್ನು ಮೂಲವಾಗಿಯೇ ಇಟ್ಟು ಆಮೇಲೆ ಸೇರಿಸಿದ್ದನ್ನು ಬೇರೆ ಬರೆದಿಡುವುದು ಪತ್ರಾಗಾರದವರು ಒಪ್ಪುವ ಕ್ರಮ. ಅದನ್ನು ಕುತಂತ್ರ ಎನ್ನಲು ಬರುವುದಿಲ್ಲ.

ಹಾಗಾದರೆ ಕೆಡುವುದು ಎಲ್ಲಿ? ಜಿಪ್ ಬಿಚ್ಚಿ, ಆಪಲ್‌ನ ಫೋಟೋಸ್ ಆ್ಯಪ್‌ಗೆ ಸುರಿದು ನೋಡಿ. ಕ್ಯಾಮೆರಾದಲ್ಲಿ ತೆಗೆದ ಫೋಟೊಗಳು ತಮ್ಮ ತಮ್ಮ ದಿನಕ್ಕೇ ಹೋಗಿ ಕೂರುತ್ತವೆ. ದಾರಿ ತಪ್ಪುವುದು ಎಕ್ಸಿಫ್ ಇಲ್ಲದವು. ನಮ್ಮ ಮನೆಗಳಲ್ಲಿ ಅಂಥವೇ ಜಾಸ್ತಿ ಎನ್ನುವುದು ಬೇರೆ ಮಾತು. ವಾಟ್ಸ್ಆ್ಯಪ್ ಫೋಟೊ ಕಳಿಸುವಾಗ ಎಕ್ಸಿಫ್ ಕಿತ್ತುಹಾಕುತ್ತದೆ. ಕಸಿನ್ ಕಳಿಸಿದ ನಾಮಕರಣದ ಫೋಟೊ, ಅತ್ತೆ ಕಳಿಸಿದ ಗೃಹಪ್ರವೇಶದ ಫೋಟೊ ಎಲ್ಲ ಇದೇ ಗುಂಪಿಗೆ ಸೇರಿದವು. ಎರಡನೆಯದು ಸ್ಕ್ಯಾನ್ ಮಾಡಿದ ಹಳೆಯ ಕಪ್ಪುಬಿಳುಪು ಫೋಟೊಗಳು. ಅಜ್ಜಿಯನ್ನು ಕೂರಿಸಿಕೊಂಡು ‘ಇದು ಯಾವ ವರ್ಷದ್ದು, ಪಕ್ಕದಲ್ಲಿ ನಿಂತವರು ಯಾರು’ ಎಂದು ಕೇಳಿ ಕೇಳಿ ತುಂಬಿಸಿದ ವಿವರ ಜೇಸನ್‌ನಲ್ಲಿ ಭದ್ರವಾಗಿದೆ, ಆದರೆ ಒಳಗೆ ಕರೆದುಕೊಂಡ ಆ್ಯಪ್ ಆ ಫೈಲನ್ನು ತೆರೆದೇ ನೋಡುವುದಿಲ್ಲ. ಕೊಟ್ಟವರು ಕೊಟ್ಟಿದ್ದಾರೆ, ತೆಗೆದುಕೊಂಡವರು ಓದಿಲ್ಲ. ಬೈಗುಳ ಮಾತ್ರ ಕೊಟ್ಟವರಿಗೆ.

ಪ್ರತಿಸ್ಪರ್ಧಿಯ ಫೈಲನ್ನು ಓದುವುದು ಸುಲಭವಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಎಂಟೆ ಎಂಬ ಚಿಕ್ಕ ಸೇವೆ ಟೇಕ್‌ಔಟ್‌ನ ಜೇಸನ್ ಓದಿಕೊಂಡೇ ಫೋಟೊ ಸೇರಿಸುತ್ತದೆ. ಮನೆಯ ಕಂಪ್ಯೂಟರಿನಲ್ಲೇ ನಡೆಸಬಹುದಾದ ಇಮ್ಮಿಚ್ ಎಂಬ ಫೋಟೊ ತಂತ್ರಾಂಶಕ್ಕೆ ಆಸಕ್ತರು ಬರೆದ ‘ಇಮ್ಮಿಚ್-ಗೋ’ ಎಂಬ ಸಾಧನ ಇದೇ ಕೆಲಸ ಮಾಡುತ್ತದೆ. ಕೈಬೆರಳಲ್ಲಿ ಎಣಿಸುವಷ್ಟು ಜನ ಮಾಡಿದ್ದನ್ನು ಸಾವಿರಾರು ಎಂಜಿನಿಯರುಗಳಿರುವ ಕಂಪನಿ ಮಾಡಿಲ್ಲ ಎಂದರೆ ಅದಕ್ಕೆ ಮನಸ್ಸಿಲ್ಲ ಎಂದೇ ಅರ್ಥ.

ಗೂಗಲ್ ನಿರಪರಾಧಿ ಎಂದು ಹೊರಟಿಲ್ಲ ನಾನು. ಉದ್ದದ ಫೈಲ್ ಹೆಸರುಗಳನ್ನು ಟೇಕ್‌ಔಟ್ ಕತ್ತರಿಸುತ್ತದೆ. ಜಿಪ್‌ಗಳನ್ನು ಒಡೆಯುವಾಗ ಫೋಟೊ ಒಂದರಲ್ಲಿ, ಅದರ ಜೇಸನ್ ಇನ್ನೊಂದರಲ್ಲಿ ಬೀಳುವುದುಂಟು. ಆಲ್ಬಂಗೆ ಸೇರಿಸಿದ ಫೋಟೊ ಎರಡೆರಡು ಸಲ ಬರುತ್ತದೆ. ಸಮಯ ಬರೆಯುವ ಕ್ರಮವಂತೂ ಯಂತ್ರಕ್ಕೇ ಪ್ರೀತಿ: 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಅದೂ ಗ್ರೀನಿಚ್ ಲೆಕ್ಕದಲ್ಲಿ. 1968ರ ಮದುವೆಯ ಫೋಟೊ ಆದರೆ ಮೈನಸ್ ಸಂಖ್ಯೆ. ಐದೂವರೆ ಗಂಟೆ ಕೂಡಿಸುವುದನ್ನು ಮರೆತರೆ, ಹೊಸ ವರ್ಷದ ರಾತ್ರಿ ಎರಡು ಗಂಟೆಗೆ ತೆಗೆದದ್ದು ಹಿಂದಿನ ವರ್ಷದ ಡಿಸೆಂಬರ್ 31ರ ಸಂಜೆ ಎಂಟೂವರೆಗೆ ಜಾರುತ್ತದೆ. ಇವು ಒಡ್ಡುತನದ ತಪ್ಪುಗಳು, ಸರಿಪಡಿಸಬೇಕಾದವು. ಆದರೆ ಇವುಗಳಿಂದ ಮಾಹಿತಿ ನಾಶವಾಗುವುದಿಲ್ಲ, ಹುಡುಕುವ ಕಷ್ಟ ಹೆಚ್ಚುತ್ತದೆ ಅಷ್ಟೆ.

ಮುಖಗಳ ವಿಷಯದಲ್ಲೂ ಒಂದು ತಪ್ಪು ಬೇಡಿಕೆಯಿದೆ. ಹಳೆಯ ಸೇವೆ ಗುರುತಿಸಿದ್ದ ಮುಖಗಳೆಲ್ಲ ಹೊಸ ಕಡೆಗೂ ಹಾಗೇ ಬರಬೇಕಿತ್ತು ಎನ್ನುತ್ತಾರೆ. ಬೇಡ. ನಮ್ಮ ಮಕ್ಕಳ ಮುಖವನ್ನು ಯಂತ್ರ ಅಳೆದು ಮಾಡಿಕೊಂಡ ಲೆಕ್ಕಾಚಾರ ಕಂಪನಿಯಿಂದ ಕಂಪನಿಗೆ ಹೋಗದಿರುವುದೇ ಕ್ಷೇಮ. ‘ಇವರು ಸೀತಮ್ಮ ದೊಡ್ಡಮ್ಮ’ ಎಂದು ನಾವು ಬೆರಳಾಡಿಸಿ ಬರೆದ ಹೆಸರು ಮಾತ್ರ ನಮ್ಮದು. ಅದು ಬರಲೇಬೇಕು.

ಕಾನೂನು ಕೂಡ ಹೊರಬಾಗಿಲನ್ನೇ ದಿಟ್ಟಿಸುತ್ತ ನಿಂತಿದೆ. 2018ರಲ್ಲಿ ಜಾರಿಗೆ ಬಂದ ಯೂರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್, ತನ್ನ 20ನೇ ವಿಧಿಯಲ್ಲಿ, ನಿಮ್ಮ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಕೊಡಬೇಕೆಂದು ಇಟ್ಟುಕೊಂಡವರಿಗೆ ವಿಧಿಸುತ್ತದೆ. ಬರಮಾಡಿಕೊಳ್ಳುವವರು ಅದನ್ನು ಓದಲೇಬೇಕೆಂದು ಹೇಳುವುದಿಲ್ಲ. ನಮ್ಮಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿ ಇಂಥದ್ದೇ ಹಕ್ಕು ಇತ್ತು. 2023ರ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಅದು ಇಲ್ಲ. ಹೋಯಿತಲ್ಲ ಎಂದು ಮರುಗುವವರಿದ್ದಾರೆ. ಇದ್ದ ಹಾಗೇ ವಾಪಸು ತಂದರೂ ಅಜ್ಜಿ ಹೇಳಿ ಬರೆಸಿದ ವಿವರ ದಡ ಸೇರುವ ಖಾತ್ರಿಯಿಲ್ಲ.

ಬರಮಾಡಿಕೊಳ್ಳುವವರ ಮೇಲೆ ಹೊಣೆ ಹೊರಿಸಿದ ಮಾದರಿ ನಮ್ಮಲ್ಲೇ ಇದೆ. ಮೊಬೈಲ್ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರ ಜನವರಿ 20ರಂದು. ಅಲ್ಲಿ 1900ಕ್ಕೆ ಮೆಸೇಜ್ ಕಳಿಸಿ, ಬಂದ ಕೋಡನ್ನು ಹೊಸ ಕಂಪನಿಗೆ ಕೊಟ್ಟರೆ ಆಯಿತು. ಅರ್ಜಿ, ಪರಿಶೀಲನೆ, ಓಡಾಟ ಎಲ್ಲ ನಿಮ್ಮನ್ನು ಬರಮಾಡಿಕೊಳ್ಳುವವರದು. ಗಿರಾಕಿ ಬೇಕಾದವರು ಮೈ ಬಗ್ಗಿಸಲಿ ಎಂಬ ಲೆಕ್ಕ. ಫೋಟೊಗಳಲ್ಲೂ ಇದನ್ನು ಬೆಂಬಲಿಸುವ ಉದಾಹರಣೆಯಿದೆ. ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟರ್ ಸೇರಿ 2018ರಲ್ಲಿ ಶುರುಮಾಡಿದ ಡೇಟಾ ಟ್ರಾನ್ಸ್‌ಫರ್ ಪ್ರಾಜೆಕ್ಟ್‌ಗೆ ಮರುವರ್ಷ ಆಪಲ್ ಬಂತು. 2021ರಲ್ಲಿ ಐಕ್ಲೌಡ್‌ನಿಂದ ಗೂಗಲ್‌ಗೆ, 2024ರಲ್ಲಿ ಗೂಗಲ್‌ನಿಂದ ಐಕ್ಲೌಡ್‌ಗೆ ನೇರ ದಾರಿ ತೆರೆಯಿತು. ಟೇಕ್‌ಔಟ್ ಅಷ್ಟು ವರ್ಷದಿಂದ ಇದ್ದರೂ ಆ ದಾರಿ ಸುಗಮವಾದದ್ದು ಎರಡೂ ಕಡೆಯವರು ಕೈಹಚ್ಚಿದಾಗ ಮಾತ್ರ.

ಹೊಸ ಸೇವೆಗೆ ದುಡ್ಡು ಕಟ್ಟುವ ಮುಂಚೆ ಮೂರು ಫೋಟೊ ಆರಿಸಿ: ತಾರೀಖು ತಿದ್ದಿದ ಒಂದು ಸ್ಕ್ಯಾನ್, ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು, ಅಡಿಬರಹವಿರುವ ಇನ್ನೊಂದು. ಅವುಗಳ ಜೇಸನ್‌ಗಳ ಸಮೇತ ಅಲ್ಲಿಗೆ ಏರಿಸಿ. ಸ್ಕ್ಯಾನ್ ಮಾಡಿದ್ದು ಇವತ್ತಿನ ತಾರೀಖಿನಡಿ ಕಂಡರೆ, ಅಡಿಬರಹದ ಪದ ಹುಡುಕಿದಾಗ ಏನೂ ಸಿಗದಿದ್ದರೆ ಅವರಿಗೇ ಬರೆದು ಕೇಳಿ, ಯಾಕೆ ಓದುವುದಿಲ್ಲ ಎಂದು. ತಾಂತ್ರಿಕ ತಾಳ್ಮೆಯಿದ್ದವರು ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನದಿಂದ ಜೇಸನ್‌ನ ವಿವರವನ್ನು ಫೋಟೊದೊಳಗೇ ಬರೆಸಿಕೊಂಡು ಹೊರಡಬಹುದು. ಹಾಗೆ ಬರೆದ ತಾರೀಖನ್ನು ಹೆಚ್ಚುಕಡಿಮೆ ಎಲ್ಲ ಸೇವೆಗಳೂ ಓದುತ್ತವೆ. ಸಾಗಣೆ ಎಂದರೆ ನಕಲು, ಹಳೆಯದು ಅಲ್ಲೇ ಇರುತ್ತದೆ, ನಿಜ. ಆದರೆ ಎರಡು ವರ್ಷ ಆ ಕಡೆ ತಲೆಹಾಕದಿದ್ದರೆ ಅಳಿಸಿಹಾಕಬಹುದು ಎಂಬ ನಿಯಮವನ್ನು ಗೂಗಲ್ ಇಟ್ಟುಕೊಂಡಿದೆ. ಜಿಪ್‌ಗಳನ್ನು ಜೇಸನ್ ಸಮೇತ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಇಂದು ಓದದವರು ನಾಳೆ ಓದುವಂತಾದರೂ ಬೇಕಾಗುವುದು ಅವೇ ಫೈಲುಗಳು.